ಬೇರೆ ಕೆಲಸ ಹುಡುಕ್ತಿದೀನಿ ಅಂತ ಈಗಿನ ಆಫೀಸಲ್ಲಿ ಹೇಳ್ಬೇಕಾ? ಯಾರು ಹೇಳ್ಬೇಕು, ಯಾವಾಗ, ಹೇಗೆ

"ಸರ್, ಹೊರಗಡೆ ಟ್ರೈ ಮಾಡ್ತಿದೀನಿ, ನಮ್ ಮ್ಯಾನೇಜರ್‌ಗೆ ಹೇಳಿಬಿಡ್ಲಾ?" ಈ ಪ್ರಶ್ನೆ ವರ್ಷಪೂರ್ತಿ ಬರ್ತಾನೇ ಇರತ್ತೆ, ಇಂಕ್ರಿಮೆಂಟ್ ಲೆಟರ್ ಕೈಗೆ ಬರೋ ಟೈಮಲ್ಲಂತೂ ಕೇಳೋದೇ ಬೇಡ. ಕೇಳೋರು ಬರೀ ಮಾನ್ಯತಾ, ಎಲೆಕ್ಟ್ರಾನಿಕ್ ಸಿಟಿ ಕಡೆಯ ಐಟಿಯವರಲ್ಲ, ಪೀಣ್ಯದಲ್ಲಿ ಮಷೀನ್ ಶಾಪ್ ಸೂಪರ್‌ವೈಸರ್ ಆಗಿರೋರು, ಜಯನಗರದ ಆಡಿಟರ್ ಆಫೀಸಲ್ಲಿ ಟ್ಯಾಲಿ ನೋಡ್ಕೊಳ್ಳೋರು, ಪ್ರೈವೇಟ್ ಸ್ಕೂಲ್ ಟೀಚರ್ಸು, ಆಸ್ಪತ್ರೆ ನರ್ಸ್‌ಗಳು, ಎಲ್ಲಾರೂ ಇದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡೋ ಬದ್ಲು ಒಂದೇ ಸಲ ಬರೆದಿಡ್ತಿದೀನಿ. ನಾನು ಎಚ್‌ಆರ್ ಕಡೆ ಕೂತು ರಾಜೀನಾಮೆ ಈಸ್ಕೊಂಡಿರೋನು, ಹಾಗಾಗಿ ಟೇಬಲ್‌ನ ಆ ಕಡೆ ಏನು ನಡೆಯತ್ತೆ ಅಂತಾನೂ ಸ್ವಲ್ಪ ಗೊತ್ತು.

ಓದೋಕೆ ಟೈಮಿಲ್ಲದೋರಿಗೆ ಉತ್ತರ ಇಲ್ಲೇ ಇದೆ: ಆಫರ್ ಲೆಟರ್ ಬರವಣಿಗೇಲಿ ಕೈಗೆ ಬಂದು, ನೀವು ಒಪ್ಕೊಂಡು ಸೈನ್ ಮಾಡೋ ತನಕ ಹೇಳ್ಬೇಡಿ. ಇದಕ್ಕೆ ಕೆಲವು ವಿನಾಯ್ತಿ ಇದೆ, ಅದು ಎರಡನೇ ಹಂತದಲ್ಲಿ ಬರತ್ತೆ, ಅದನ್ನ ಮಾತ್ರ ಬಿಡದೆ ಓದಿ.

"ಹೇಳ್ದೆ ಹುಡುಕೋದು ಉಂಡ ಮನೆ ಜಂತಿ ಎಣಿಸಿದ ಹಾಗೆ ಅನ್ಸತ್ತೆ" ಅಂತ ತುಂಬಾ ಜನ ಬರೀತಾರೆ. ಹಾಗೆ ಅನ್ನಿಸ್ಬೇಕಾಗಿಲ್ಲ. ನೀವು ತಗೊಂಡ ಸಂಬಳಕ್ಕೆ ಕೆಲಸ ಮಾಡಿದೀರ, ಇನ್ನು ಬಿಟ್ಟು ಹೋಗೋದಾದ್ರೆ ಎಷ್ಟು ದಿನ ಮುಂಚೆ ತಿಳಿಸ್ಬೇಕು ಅಂತ ಇಬ್ರೂ ಸೇರೇ ಒಪ್ಕೊಂಡು ಸೈನ್ ಹಾಕಿರೋದೇ ನೋಟಿಸ್ ಪೀರಿಯಡ್. ಅದಕ್ಕಿಂತ ಮುಂಚೆ ಹೇಳೋ ಸಾಲ ನಿಮ್ಮ ಮೇಲಿಲ್ಲ.

ಹೇಳಿದ್ರೆ ಏನಾಗತ್ತೆ ಅಂದ್ರೆ, ಮ್ಯಾನೇಜರ್ ಒಳ್ಳೆಯವರೇ ಆಗಿದ್ರೂ ಅವರ ತಲೇಲಿ ಲೆಕ್ಕ ಶುರುವಾಗತ್ತೆ. ಟೀಮಿಗೆ ಅಂತ ಇಂಕ್ರಿಮೆಂಟ್ ಬಜೆಟ್ ಇಷ್ಟೇ ಇರತ್ತೆ, ಹೋಗೋನಿಗೆ ಕೊಡೋದಕ್ಕಿಂತ ಇರೋನಿಗೆ ಕೊಡೋಣ ಅನ್ನೋದು ಸಹಜ. ಆನ್‌ಸೈಟ್ ಅವಕಾಶ, ಅಂದ್ರೆ ವಿದೇಶದಲ್ಲಿ ಕ್ಲೈಂಟ್ ಹತ್ರ ಹೋಗಿ ಕೆಲಸ ಮಾಡೋ ಚಾನ್ಸ್ ಬಂದ್ರೆ ಬೇರೆಯವರ ಹೆಸರು ಹೋಗತ್ತೆ. ಎಷ್ಟೋ ಕಡೆ ಎಚ್‌ಆರ್ ಮೂರು ತಿಂಗಳಿಗೊಮ್ಮೆ "ಫ್ಲೈಟ್ ರಿಸ್ಕ್" ಪಟ್ಟಿ ಕೇಳ್ತಾರೆ, ಅಂದ್ರೆ ಬಿಟ್ಟು ಹೋಗೋ ಸಾಧ್ಯತೆ ಇರೋರ ಲಿಸ್ಟು, ಅದಕ್ಕೆ ನಿಮ್ಮ ಹೆಸರು ಸೇರತ್ತೆ. ಆಮೇಲೆ ಮೇಲಿಂದ "ಇಬ್ರನ್ನ ಕಡಿಮೆ ಮಾಡಿ" ಅಂತ ಬಂದಾಗ ಹೇಗಿದ್ರೂ ಹೋಗೋನೇ ಅಲ್ವಾ ಅಂತ ಮೊದ್ಲು ನೆನಪಾಗೋದೂ ಅದೇ ಹೆಸರು. ನಿಮಗೆ ಆಫರ್ ಬರೋಕೆ ಆರು ತಿಂಗಳು ಹಿಡಿದ್ರೆ ಆ ಆರು ತಿಂಗಳೂ ಅದೇ ಕಣ್ಣಲ್ಲೇ ನೋಡ್ತಾರೆ.

ಈಗ ಹಂತ ಹಂತವಾಗಿ ಹೋಗೋಣ.

1. ಅಪಾಯಿಂಟ್‌ಮೆಂಟ್ ಲೆಟರ್ ಹುಡುಕಿ ತೆಗೀರಿ

ಸೇರುವಾಗ ಸೈನ್ ಹಾಕಿದ್ದು ಬಿಟ್ರೆ ಅದನ್ನ ಓದಿರೋರು ಕಮ್ಮಿ. ಪರ್ಸನಲ್ ಮೇಲಲ್ಲಿ ಇಲ್ದಿದ್ರೆ ಎಚ್‌ಆರ್ ಪೋರ್ಟಲಿಂದ ಇವತ್ತೇ ಇಳಿಸ್ಕೊಳ್ಳಿ, ರಾಜೀನಾಮೆ ಕೊಟ್ಟ ಮೇಲೆ ಆಕ್ಸೆಸ್ ಇರತ್ತೆ ಅಂತ ನಂಬ್ಬೇಡಿ. ನೋಡ್ಬೇಕಾದ್ದು:

ನೋಟಿಸ್ ಎಷ್ಟು ದಿನ, ಪ್ರೊಬೇಷನ್‌ನಲ್ಲಿದ್ರೆ ಎಷ್ಟು. ಬೈಔಟ್ ಇದ್ಯಾ, ಅಂದ್ರೆ ಉಳಿದ ದಿನಗಳ ದುಡ್ಡು ಕಟ್ಟಿ ಬೇಗ ಹೋಗಬಹುದಾ, ಆ ದುಡ್ಡನ್ನ ಬೇಸಿಕ್ ಮೇಲೆ ಲೆಕ್ಕ ಹಾಕ್ತಾರಾ ಗ್ರಾಸ್ ಮೇಲಾ (ಎರಡಕ್ಕೂ ದುಪ್ಪಟ್ಟು ವ್ಯತ್ಯಾಸ ಬರಬಹುದು). ಜಾಯಿನಿಂಗ್ ಬೋನಸ್ ಕೊಟ್ಟಿದ್ರೆ ಇಷ್ಟು ತಿಂಗಳೊಳಗೆ ಬಿಟ್ರೆ ವಾಪಸ್ ಕೊಡ್ಬೇಕು ಅಂತ ಇದ್ಯಾ. ವೇರಿಯಬಲ್ ಪೇ, ಅಂದ್ರೆ ಕೆಲಸ ನೋಡಿ ಕೊಡೋ ಬೋನಸ್ ಭಾಗದ ವಿಷಯದಲ್ಲಿ ಒಂದು ಸಣ್ಣ ಸಾಲು ಎಲ್ಲೋ ಕೆಳಗಡೆ ಇರತ್ತೆ, "ಬೋನಸ್ ಕೊಡೋ ದಿನ ನೋಟಿಸ್‌ನಲ್ಲಿ ಇರಬಾರ್ದು" ಅಂತ. ಈ ಒಂದು ಸಾಲು ನೋಡ್ದೆ ಬೋನಸ್‌ಗೆ ವಾರ ಇರುವಾಗ ರಾಜೀನಾಮೆ ಹಾಕಿ ಕೈ ಕೈ ಹಿಸುಕ್ಕೊಂಡೋರು ಬೇಕಾದಷ್ಟು ಜನ ಇದ್ದಾರೆ.

ಬಾಂಡ್, ಅಂದ್ರೆ ಇಷ್ಟು ವರ್ಷ ಇರ್ತೀನಿ, ಇಲ್ದಿದ್ರೆ ದುಡ್ಡು ಕಟ್ತೀನಿ ಅನ್ನೋ ಒಪ್ಪಂದ ಇದ್ರೆ ಹುಷಾರು. "ಬಾಂಡ್ ಎಲ್ಲಾ ಕೋರ್ಟಲ್ಲಿ ನಿಲ್ಲಲ್ಲ ಬಿಡಿ" ಅಂತ ಎಲ್ಲಾರೂ ಹೇಳ್ತಾರೆ, ಆದ್ರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ವಿಜಯಾ ಬ್ಯಾಂಕ್ ಕೇಸಲ್ಲಿ, ಮೂರು ವರ್ಷಕ್ಕೆ ಮುಂಚೆ ಬಿಟ್ರೆ 2 ಲಕ್ಷ ಕೊಡ್ಬೇಕು ಅನ್ನೋ ಷರತ್ತನ್ನ ಎತ್ತಿಹಿಡಿದಿದೆ. ಹಂಗಂತ ಎಲ್ಲಾ ಬಾಂಡೂ ಸರಿ ಅಂತಲ್ಲ, ಮೊತ್ತ ಮತ್ತೆ ಅವಧಿ ನ್ಯಾಯವಾಗಿದ್ಯಾ ಅಂತ ನೋಡ್ತಾರೆ. ಇನ್ನು "ಬಿಟ್ಟ ಮೇಲೆ ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರ್ದು" ಅನ್ನೋ ಷರತ್ತು ಬೇರೆ ವಿಷಯ, 1872ರ ಕಾಂಟ್ರಾಕ್ಟ್ ಕಾಯ್ದೆ 27ನೇ ಸೆಕ್ಷನ್ ಪ್ರಕಾರ ಅಂಥವು ಸಾಮಾನ್ಯವಾಗಿ ನಿಲ್ಲಲ್ಲ. ಆದ್ರೆ ಕಂಪನಿ ಡೇಟಾ, ಕ್ಲೈಂಟ್ ಲಿಸ್ಟ್ ಹೊತ್ಕೊಂಡು ಹೋಗೋಕೆ ಇದು ಲೈಸೆನ್ಸ್ ಅಲ್ಲ ಮತ್ತೆ.

ಗ್ರ್ಯಾಚುಟಿ, ಅಂದ್ರೆ ಸರ್ವೀಸ್ ನೋಡಿ ಬಿಡುವಾಗ ಕೊಡೋ ದುಡ್ಡು, ಅದರ ತಾರೀಖೂ ನೋಡ್ಕೊಳ್ಳಿ. ಪರ್ಮನೆಂಟ್ ನೌಕರರಿಗೆ ಒಂದೇ ಕಡೆ 5 ವರ್ಷ ಆದ್ರೆ ಅದು ಹಕ್ಕು, ಕಾನೂನು ಲೆಕ್ಕಕ್ಕೆ ತಗೊಳ್ಳೋ ಕೊನೇ ವೇತನವನ್ನ (ಮುಖ್ಯವಾಗಿ ಬೇಸಿಕ್ ಮತ್ತೆ ಡಿಎ) 26ರಿಂದ ಭಾಗಿಸಿ 15ರಿಂದ ಗುಣಿಸಿ, ಎಷ್ಟು ವರ್ಷ ಕೆಲಸ ಮಾಡಿದೀರೋ ಅಷ್ಟರಿಂದ ಗುಣಿಸಿದ್ರೆ ಬರೋ ಮೊತ್ತ. ನಾಲ್ಕು ವರ್ಷ ಹತ್ತು ತಿಂಗಳಲ್ಲಿ ಇದ್ರೆ ಸ್ವಲ್ಪ ತಡ್ಕೊಳ್ಳಿ. ನೋಟಿಸ್ ದಿನಗಳೂ ಸರ್ವೀಸಲ್ಲೇ ಸೇರತ್ತೆ ಅಂತ ಲೆಕ್ಕ ಹಾಕ್ಕೊಂಡು ಮುಂಚೇನೇ ರಾಜೀನಾಮೆ ಹಾಕ್ಬಿಟ್ರೆ, ಅವ್ರು "ನಾಳೆಯಿಂದ ಬರಬೇಡಿ" ಅಂದಾಗ ಲೆಕ್ಕ ಎಲ್ಲಾ ತಲೆಕೆಳಗಾಗತ್ತೆ.

2. ನೀವು ಹೇಳಲೇಬೇಕಾದವರ ಪೈಕಿನಾ?

ಸರ್ಕಾರಿ ನೌಕರರು, ಪಬ್ಲಿಕ್ ಸೆಕ್ಟರ್ ಬ್ಯಾಂಕು, ಸಾರ್ವಜನಿಕ ಉದ್ದಿಮೆಗಳಲ್ಲಿ ಇರೋರು ಮೇಲೆ ಹೇಳಿದ ಸೂತ್ರ ಮರೆತುಬಿಡಿ. ನಿಮಗೆ ನಿರಾಕ್ಷೇಪಣಾ ಪತ್ರ ಬೇಕು, ಆಫೀಸ್ ಭಾಷೇಲಿ ಎನ್‌ಒಸಿ, ಅಂದ್ರೆ "ಇವರು ಅರ್ಜಿ ಹಾಕೋಕೆ ನಮ್ಮ ಅಭ್ಯಂತರ ಇಲ್ಲ" ಅಂತ ಇಲಾಖೆ ಕೊಡೋ ಕಾಗದ. ಬ್ಯಾಂಕ್ ನೇಮಕಾತಿಗಳಲ್ಲಿ ಇಂಟರ್‌ವ್ಯೂ ಟೇಬಲ್ ಮೇಲೇ ಕೇಳ್ತಾರೆ. ರಾಜ್ಯ ಸರ್ಕಾರಿ ನೌಕರರು ಬೇರೆ ಹುದ್ದೆಗೆ ಅರ್ಜಿ ಹಾಕುವಾಗ್ಲೇ ಅನುಮತಿ ತಗೊಂಡಿರ್ಬೇಕು, ಇಲ್ಲಾಂದ್ರೆ ಹಿಂದಿನ ಸರ್ವೀಸ್, ವೇತನ ರಕ್ಷಣೆ ಎಲ್ಲಾ ಮುಂದಕ್ಕೆ ಒಯ್ಯುವಾಗ ತಕರಾರು ಬರತ್ತೆ. ಪರೀಕ್ಷೆ ಬರೆದು ಪಾಸಾದ ಮೇಲೆ ಎನ್‌ಒಸಿಗೆ ಓಡಾಡೋದು ಬೇಡ, ಫೈಲು ಟೇಬಲಿಂದ ಟೇಬಲಿಗೆ ಹೋಗೋ ಸ್ಪೀಡು ನಿಮಗೇ ಗೊತ್ತು.

ಕಂಪನಿ ಒಳಗೇ ಬೇರೆ ಟೀಮಿಗೆ ಹೋಗೋ ಇಂಟರ್ನಲ್ ಪೋಸ್ಟಿಂಗ್ ಆದ್ರೆ ಪಾಲಿಸಿ ಓದಿ, ಎಷ್ಟೋ ಕಡೆ ಅಪ್ಲೈ ಮಾಡಿದ ತಕ್ಷಣ ಮ್ಯಾನೇಜರ್‌ಗೆ ಆಟೋಮ್ಯಾಟಿಕ್ ಮೇಲ್ ಹೋಗತ್ತೆ. ಅದು ಬರೋಕೆ ಮುಂಚೆ ನೀವೇ ಹೇಳಿದ್ರೆ ಮರ್ಯಾದೆ ಉಳಿಯತ್ತೆ.

ಆಮೇಲೆ, ಹೇಳಿದ್ರೆ ಲಾಭ ಇರೋ ಕೆಲವು ಸಂದರ್ಭ. ಪ್ರಾಜೆಕ್ಟ್ ಮುಗಿದು ಬೆಂಚಲ್ಲಿ ಕೂತಿದೀರ, ಅಂದ್ರೆ ಸಂಬಳ ಇದೆ ಕೆಲಸ ಇಲ್ಲ. ಅಥವಾ ಕಾಂಟ್ರಾಕ್ಟ್ ಮಾರ್ಚ್‌ಗೆ ಮುಗಿಯತ್ತೆ, ರಿನೀವಲ್ ಆಗಲ್ಲ ಅಂತ ಎಲ್ಲಾರಿಗೂ ಗೊತ್ತು. ಅಥವಾ ಕಂಪನಿನೇ ಲೇಆಫ್ ಅನೌನ್ಸ್ ಮಾಡಿದೆ. ಇಲ್ಲೆಲ್ಲಾ ಮುಚ್ಚಿಡೋಕೆ ಏನೂ ಇಲ್ಲ, ಮ್ಯಾನೇಜರ್ರೇ ನಾಲ್ಕು ಕಡೆ ರೆಫರ್ ಮಾಡಬಹುದು. ಸ್ಕೂಲ್ ಟೀಚರ್ಸಿಗೆ ಮುಂದಿನ ವರ್ಷ ಮುಂದುವರಿತೀರಾ ಅಂತ ಜನವರಿ, ಫೆಬ್ರವರಿ ಹೊತ್ತಿಗೇ ಕೇಳೋ ಪದ್ಧತಿ ಎಷ್ಟೋ ಶಾಲೆಲಿ ಇದೆ. ಅಲ್ಲಿ ಹೂಂ ಅಂದು ಮೇ ಕೊನೇಲಿ ಬಿಟ್ರೆ ಕ್ಲಾಸಿಗೆ ಟೀಚರ್ ಸಿಗಲ್ಲ, ಪ್ರಿನ್ಸಿಪಾಲ್‌ಗಳು ಒಬ್ರಿಗೊಬ್ರು ಫೋನ್ ಮಾಡ್ಕೋತಾರೆ, ನಿಮ್ಮ ಹೆಸರೇ ಕೆಡೋದು. ಗಂಡಂಗೋ ಹೆಂಡ್ತಿಗೋ ಮೈಸೂರಿಗೆ ಟ್ರಾನ್ಸ್‌ಫರ್ ಆಗಿದೆ, ಅಲ್ಲಿ ನಿಮ್ಮ ಕಂಪನಿದೇ ಬ್ರಾಂಚ್ ಇದೆ ಅಂದ್ರೂ ಹೇಳಿ.

ಐದಾರು ಜನ ಇರೋ ಸಣ್ಣ ಆಫೀಸಿನ ಕಥೆ ಬೇರೆ. ಓನರ್ ನಿಮ್ಮನ್ನ ಮನೆಯವರ ಥರ ನೋಡ್ಕೊಂಡಿದಾರೆ, ನೀವು ಹೋದ್ರೆ ಜಿಎಸ್‌ಟಿ ರಿಟರ್ನ್ ಹಾಕೋರೇ ಇಲ್ಲ, ಲೆಟರಲ್ಲಿ ನೋಟಿಸ್ ಬರೀ 15 ದಿನ ಅಥವಾ ಲೆಟರೇ ಕೊಟ್ಟಿಲ್ಲ. ಅಂಥ ಕಡೆ ಹುಡುಕುವಾಗ ಹೇಳೋದು ಬೇಡ, ಆದ್ರೆ ಆಫರ್ ಬಂದ ಮೇಲೆ ಕಾಗದದಲ್ಲಿರೋ 15 ದಿನಕ್ಕೆ ಅಂಟ್ಕೋಬೇಡಿ, ಹೊಸ ಕಂಪನಿ ಹತ್ರ ಒಂದು ತಿಂಗಳು ಟೈಮ್ ಕೇಳಿ ತಗೊಳ್ಳಿ.

ಇದ್ಯಾವುದಕ್ಕೂ ಸೇರದೆ ಇನ್ನೂ ಡೌಟ್ ಇದ್ರೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಹೇಳಿದ್ರೆ ಈ ಮನುಷ್ಯ ನಂಗೋಸ್ಕರ ಏನು ಮಾಡ್ತಾನೆ? ರೆಫರ್ ಮಾಡ್ತಾರೆ, ಟೀಮ್ ಬದಲಾಯಿಸ್ತಾರೆ, ಊರಿಂದ ಕೆಲಸ ಮಾಡೋಕೆ ಪರ್ಮಿಷನ್ ಕೊಡಿಸ್ತಾರೆ, ಹೀಗೆ ಕೈಗೆ ಸಿಗೋ ಉತ್ತರ ಬಂದ್ರೆ ಹೇಳಿ. "ಮನಸ್ಸು ಹಗುರ ಆಗತ್ತೆ" ಅನ್ನೋದಷ್ಟೇ ಉತ್ತರ ಆದ್ರೆ ಮನೇಲಿ ಹೇಳ್ಕೊಳ್ಳಿ, ಆಫೀಸಲ್ಲಿ ಬೇಡ.

3. ಬಾಯಿ ಮುಚ್ಕೊಂಡಿದ್ರೆ ಸಾಲಲ್ಲ, ಪ್ರೊಫೈಲೂ ಮುಚ್ಕೊಂಡಿರ್ಬೇಕು

ನೌಕ್ರಿ ಡಾಟ್ ಕಾಮ್ ವೆಬ್‌ಸೈಟಲ್ಲಿ ರೆಸ್ಯೂಮೆ ಹಾಕ್ತೀರಲ್ಲ, ಅದೇ ಡೇಟಾಬೇಸನ್ನ ನಿಮ್ಮ ಕಂಪನಿ ಎಚ್‌ಆರ್ ಕೂಡ ದುಡ್ಡು ಕಟ್ಟಿ ದಿನಾ ನೋಡ್ತಿರ್ತಾರೆ. ಸೆಟ್ಟಿಂಗ್ಸಲ್ಲಿ ಕಂಪನಿಗಳನ್ನ ಬ್ಲಾಕ್ ಮಾಡೋ ಆಪ್ಷನ್ ಇದೆ, ನಿಮ್ಮ ಕಂಪನಿ ಹೆಸರು ಹಾಕಿ, ಗ್ರೂಪ್ ಕಂಪನಿಗಳ ಹೆಸರೂ ಹಾಕಿ. ಲಿಂಕ್ಡ್‌ಇನ್‌ನಲ್ಲಿ ಓಪನ್ ಟು ವರ್ಕ್, ಅಂದ್ರೆ ಕೆಲಸ ಹುಡುಕ್ತಿದೀನಿ ಅನ್ನೋ ಗುರುತು ಹಾಕುವಾಗ "ರಿಕ್ರೂಟರ್‌ಗಳಿಗೆ ಮಾತ್ರ" ಅನ್ನೋದನ್ನೇ ಆರಿಸಿ, ಫೋಟೋ ಸುತ್ತ ಹಸಿರು ಬಳೆ ಹಾಕ್ಕೊಂಡು "ಯಾರಿಗೂ ಗೊತ್ತಿಲ್ಲ" ಅಂತ ಓಡಾಡಬೇಡಿ. ಆ ಆಪ್ಷನ್‌ನಲ್ಲೂ ನಿಮ್ಮ ಕಂಪನಿಯ ರಿಕ್ರೂಟರ್‌ಗೆ ಕಾಣದ ಹಾಗೆ ನೋಡ್ಕೋತೀವಿ, ಆದ್ರೆ ಪೂರ್ತಿ ಗ್ಯಾರಂಟಿ ಇಲ್ಲ ಅಂತ ಲಿಂಕ್ಡ್‌ಇನ್ನೇ ಹೇಳತ್ತೆ. ಹತ್ತು ಸ್ಕಿಲ್ಲು ಒಂದೇ ರಾತ್ರಿ ಸೇರಿಸ್ಬೇಡಿ, ಸೇರಿಸೋ ಮುಂಚೆ ಅಪ್‌ಡೇಟ್ ಎಲ್ಲಾರಿಗೂ ಹೋಗೋ ಬಟನ್ ಆಫ್ ಮಾಡಿ.

ಆಫೀಸ್ ಲ್ಯಾಪ್‌ಟಾಪು, ಆಫೀಸ್ ವೈಫೈ, ಆಫೀಸ್ ಪ್ರಿಂಟರ್ ಮೂರನ್ನೂ ಮುಟ್ಬೇಡಿ. ಜನ ಸಿಕ್ಕಿಹಾಕ್ಕೊಳ್ಳೋದು ಜಾಸ್ತಿ ಎಲ್ಲಿ ಗೊತ್ತಾ, ಕ್ಯಾಲೆಂಡರ್‌ನಲ್ಲಿ. ಮಂಗಳವಾರ ಹನ್ನೊಂದಕ್ಕೆ ಪರ್ಸನಲ್ ಅಂತ ಒಂದು ಗಂಟೆ ಬ್ಲಾಕು, ಗುರುವಾರ ಮತ್ತೆ ಹನ್ನೊಂದಕ್ಕೆ, ಮುಂದಿನ ಮಂಗಳವಾರ ಮತ್ತೆ. ಟೀಮ್ ಲೀಡ್ ಕೂಡ ಒಂದ್ಕಾಲದಲ್ಲಿ ಹಾಗೇ ಬ್ಲಾಕ್ ಮಾಡಿರೋರೇ. ಇಂಟರ್‌ವ್ಯೂನ ಬೆಳಿಗ್ಗೆ ಎಂಟೂವರೆಗೋ ಸಂಜೆ ಏಳಕ್ಕೋ ಕೇಳಿ, ಬೆಂಗಳೂರಿನ ರಿಕ್ರೂಟರ್‌ಗಳಿಗೆ ಇದು ಹೊಸದಲ್ಲ, ಕೊಡ್ತಾರೆ. ಆಗದಿದ್ರೆ ಅರ್ಧ ದಿನ ರಜೆ ಹಾಕಿ, ಕಾರಣ ಕೇಳಿದ್ರೆ "ಸ್ವಲ್ಪ ಪರ್ಸನಲ್ ಕೆಲಸ" ಸಾಕು. ಅಜ್ಜಿನ ಸಾಯಿಸ್ಬೇಡಿ, ಆ ರಜೆ ಆಮೇಲೆ ನಿಜವಾಗ್ಲೂ ಬೇಕಾಗತ್ತೆ.

ಗೇಟ್ ಹೊರಗಿನ ಟೀ ಅಂಗಡಿ ಇದ್ಯಲ್ಲ, ಅಲ್ಲಿ ಐಡಿ ಕಾರ್ಡ್ ಕುತ್ತಿಗೇಲಿ ಹಾಕ್ಕೊಂಡೇ ಒಂದು ಕೈಲಿ ಟೀ ಇನ್ನೊಂದು ಕೈಲಿ ಫೋನ್ ಹಿಡ್ಕೊಂಡು "ಎಕ್ಸ್‌ಪೆಕ್ಟೆಡ್ ಇಷ್ಟು ಮೇಡಂ, ನೆಗೋಷಿಯಬಲ್" ಅಂತ ಗಟ್ಟಿಯಾಗಿ ಮಾತಾಡೋರನ್ನ ದಿನಾ ನೋಡಬಹುದು. ಪಕ್ಕದಲ್ಲಿ ನಿಂತು ಬನ್ ತಿಂತಿರೋರು ಯಾವ ಫ್ಲೋರ್‌ನವರು ಅಂತ ಯಾರಿಗೆ ಗೊತ್ತು. ಕಂಪನಿ ಕ್ಯಾಬಲ್ಲೂ ಇದೇ ಕಥೆ. ಮತ್ತೆ, ಟೀಮಲ್ಲಿ ಒಬ್ಬ ನಂಬಿಕಸ್ಥ ಫ್ರೆಂಡ್‌ಗೆ ಮಾತ್ರ ಹೇಳಿದೀನಿ ಅಂತೀರಲ್ಲ, ಆ ಫ್ರೆಂಡ್‌ಗೂ ಒಬ್ಬ ನಂಬಿಕಸ್ಥ ಫ್ರೆಂಡ್ ಇರ್ತಾನೆ.

4. 90 ದಿನದ ಗಂಟು

ಐಟಿಯವರಿಗೆ ನಿಜವಾದ ತಲೆನೋವು ಇದೇ. ರಿಕ್ರೂಟರ್ ಫೋನ್ ಮಾಡ್ತಾರೆ, ಹೆಸರು ಕೇಳಿದ್ಮೇಲೆ ಎರಡನೇ ಪ್ರಶ್ನೆನೇ "ನೋಟಿಸ್ ಪೀರಿಯಡ್ ಎಷ್ಟು?" 90 ಅಂದ್ರೆ "ಓಕೆ, ತಿಳಿಸ್ತೀವಿ" ಅಂತ ಇಟ್ಟುಬಿಡ್ತಾರೆ. ಅದಕ್ಕೇ ಜನ ಆಫರ್ ಇಲ್ದೇನೇ ರಾಜೀನಾಮೆ ಹಾಕಿ, ಪ್ರೊಫೈಲಲ್ಲಿ "ಸರ್ವಿಂಗ್ ನೋಟಿಸ್" ಅಂತ ಬರೆದು, ಕೊನೇ ದಿನದ ತಾರೀಖು ಹಾಕ್ತಾರೆ. ಎಲ್‌ಡಬ್ಲ್ಯೂಡಿ ಅಂತಾರಲ್ಲ, ಲಾಸ್ಟ್ ವರ್ಕಿಂಗ್ ಡೇ, ಅದೇ ಇದು. ಕಾಲ್ ಬರೋದು ಜಾಸ್ತಿ ಆಗತ್ತೆ, ಅದು ಸುಳ್ಳಲ್ಲ.

ಆದ್ರೂ ನಾನು ಇದನ್ನ ಸುಮ್ನೆ ಯಾರಿಗೂ ಮಾಡಿ ಅನ್ನಲ್ಲ. ಮಾಡೋ ಮುಂಚೆ ಇಷ್ಟು ನೋಡಿ. ಆರು ತಿಂಗಳ ಬಾಡಿಗೆ, ಇಎಂಐ, ಮಕ್ಕಳ ಫೀಸು, ಊರಿಗೆ ಕಳಿಸೋ ದುಡ್ಡು ಎಲ್ಲಾ ಸೇರಿ ಬ್ಯಾಂಕಲ್ಲಿ ಇದ್ಯಾ. ಹೋಮ್ ಲೋನ್ ಅರ್ಜಿ ನಡೀತಿದ್ಯಾ, ನಡೀತಿದ್ರೆ ಖಂಡಿತ ಬೇಡ, ಬ್ಯಾಂಕಿನವರು ಕೆಲಸದ ವೆರಿಫಿಕೇಷನ್ ಮಾಡೋವಾಗ ನೋಟಿಸ್‌ನಲ್ಲಿದೀರ ಅಂತ ಗೊತ್ತಾದ್ರೆ ಸಾಲ ನಿಲ್ಲಬಹುದು. ಮನೇಲಿ ಯಾರಾದ್ರೂ ಕಂಪನಿ ಇನ್ಶೂರೆನ್ಸಲ್ಲಿ ಟ್ರೀಟ್‌ಮೆಂಟ್ ತಗೋತಿದಾರಾ, ಅದು ಸಾಮಾನ್ಯವಾಗಿ ನಿಮ್ಮ ಕೊನೇ ದಿನಕ್ಕೇ ಮುಗಿಯತ್ತೆ. ಹೆರಿಗೆ ಹತ್ರ ಇರೋರು ಇನ್ನೊಂದು ನೆನಪಿಡಿ, ಹೆರಿಗೆ ರಜೆ ಸಿಗ್ಬೇಕಾದ್ರೆ ಹೆರಿಗೆ ತಾರೀಖಿಗೆ ಹಿಂದಿನ 12 ತಿಂಗಳಲ್ಲಿ ಆ ಕಂಪನಿಲಿ 80 ದಿನ ಕೆಲಸ ಮಾಡಿರ್ಬೇಕು, ಹೊಸ ಕಡೆ ಲೆಕ್ಕ ಸೊನ್ನೆಯಿಂದ ಶುರು.

ಇಷ್ಟೆಲ್ಲಾ ಸರಿ ಇದೆ, ಈಗ್ಲೂ ಕಾಲ್‌ಗಳು ಬರ್ತಿವೆ ಆದ್ರೆ 90 ದಿನ ಅಂದಾಗ ಮಾತ್ರ ನಿಲ್ತಿದೆ ಅಂದ್ರೆ ಆಗ ಯೋಚ್ನೆ ಮಾಡಬಹುದು. ಕಾಲೇ ಬರ್ತಿಲ್ಲ ಅಂದ್ರೆ ಸಮಸ್ಯೆ ನೋಟಿಸ್‌ದಲ್ಲ, ರೆಸ್ಯೂಮೆದು, ರಾಜೀನಾಮೆ ಹಾಕಿದ್ರೆ ಅದು ಸರಿಹೋಗಲ್ಲ.

ಅಪಾಯ ಎಲ್ಲಿದೆ ಅಂದ್ರೆ, ಮೊದಲ ತಿಂಗಳು ಎಲ್ಲಾರೂ ಕೇಳಿದಷ್ಟು ಕೊಡ್ತೀವಿ ಅಂತಾರೆ, ಎಲ್‌ಡಬ್ಲ್ಯೂಡಿಗೆ ಎರಡು ವಾರ ಉಳಿದಾಗ ನಿಮ್ಮ ಅರ್ಜೆಂಟು ಅವ್ರಿಗೆ ಗೊತ್ತಾಗಿ ಚೌಕಾಸಿ ಶುರುವಾಗತ್ತೆ. ಹಾಕಿದ ರಾಜೀನಾಮೆ ವಾಪಸ್ ತಗೋಬಹುದು ಅಂದ್ಕೊಂಡಿದ್ರೆ ಅದು ಕಂಪನಿ ಮರ್ಜಿ. ಲೆಟರಲ್ಲಿ ಷರತ್ತು ಹಂಗಿದ್ರೆ 90 ದಿನ ಕಾಯದೆ ಮುಂಚೇನೇ ರಿಲೀವ್ ಮಾಡಿಬಿಡಬಹುದು. "ಇಮ್ಮೀಡಿಯೇಟ್ ಜಾಯ್ನರ್" ಅಂತ ಸುಳ್ಳು ಹೇಳೋದಂತೂ ಬೇಡವೇ ಬೇಡ, ರಾಜೀನಾಮೆ ಒಪ್ಕೊಂಡಿದೀವಿ ಅನ್ನೋ ಇಮೇಲ್ ಕಾಪಿ ಕೇಳ್ತಾರೆ.

ಇದಕ್ಕಿಂತ ವಾಸಿ ದಾರಿ ಅಂದ್ರೆ ಆಫರ್ ಮಾತುಕತೆಲೇ ಬೈಔಟ್ ದುಡ್ಡು ಹೊಸ ಕಂಪನಿ ಕೊಡತ್ತಾ ಅಂತ ಕೇಳೋದು, ಕೊಟ್ರೆ ಅದು ಆಫರ್ ಲೆಟರಲ್ಲೇ ಬರಬೇಕು, ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ನಿಮ್ಮ ಮ್ಯಾನೇಜರ್ 45 ದಿನಕ್ಕೆ ಬಿಡ್ತಾರೆ ಅಂತ ನೀವೇ ಊಹೆ ಮಾಡಿ ಹೊಸಬರಿಗೆ ಮಾತು ಕೊಡ್ಬೇಡಿ, 90 ಅಂತಾನೇ ಹೇಳಿ, ಕಮ್ಮಿ ಮಾಡೋಕೆ ಟ್ರೈ ಮಾಡ್ತೀನಿ ಅನ್ನಿ.

5. ಅವರೇ ಬಾಯಿ ಬಿಟ್ಟು ಕೇಳಿದ್ರೆ

ಒನ್-ಆನ್-ಒನ್ ಮೀಟಿಂಗ್ ಮುಗಿಯೋ ಹೊತ್ತಿಗೆ, ಲ್ಯಾಪ್‌ಟಾಪ್ ಮುಚ್ಚುತ್ತಾ, "ಏನಪ್ಪಾ, ಹೊರಗಡೆ ನೋಡ್ತಿದೀಯಂತೆ?" ಅಂತ ಕೇಳ್ತಾರೆ. ಆಗ ಮುಖದ ಬಣ್ಣ ಹೋಗದ ಹಾಗೆ ಮನೇಲೇ ಒಂದು ಉತ್ತರ ರೆಡಿ ಮಾಡ್ಕೊಂಡಿರಿ.

ಬರೀ ಗಾಳಿಸುದ್ದಿ ಆಗಿದ್ರೆ: "ಕಾಲ್ಸ್ ಬರ್ತಿರತ್ತೆ ಸರ್, ಎಲ್ಲಾರಿಗೂ ಬರತ್ತಲ್ಲ. ಯಾಕ್ ಸರ್, ಕೆಲಸದಲ್ಲಿ ಏನಾದ್ರೂ ಕಮ್ಮಿ ಅನ್ನಿಸ್ತಾ?" ಇಷ್ಟೇ. ಇದರಲ್ಲಿ ಸುಳ್ಳೂ ಇಲ್ಲ, ಒಪ್ಪಿಗೆನೂ ಇಲ್ಲ.

ನಿಮ್ಮ ಪ್ರೊಫೈಲೇ ನೋಡಿಬಿಟ್ಟಿದ್ರೆ: "ಹೌದು ಸರ್, ಮಾರ್ಕೆಟ್ ಹೇಗಿದೆ ಅಂತ ನೋಡ್ತಿದ್ದೆ. ಏನೂ ಡಿಸೈಡ್ ಮಾಡಿಲ್ಲ. ಎರಡು ವರ್ಷದಿಂದ ಅದೇ ರೋಲಲ್ಲಿ ಇದೀನಿ, ಅದರ ಬಗ್ಗೆ ನಿಮ್ಮ ಹತ್ರ ಮಾತಾಡ್ಬೇಕು ಅಂತಾನೂ ಇತ್ತು." ಸಿಕ್ಕಿಬಿದ್ದಾಗ ಅದನ್ನೇ ನಿಮಗೆ ಬೇಕಾದ ಮಾತಿಗೆ ತಿರುಗಿಸೋದು ಜಾಣತನ. ಕೆಲವು ಸಲ ಸಮಸ್ಯೆ ಅಲ್ಲೇ ಬಗೆಹರಿಯೋದೂ ಉಂಟು.

"ದೇವರಾಣೆ ಇಲ್ಲ ಸರ್" ಅಂತ ಮಾತ್ರ ಅನ್ಬೇಡಿ. ಮೂರು ವಾರಕ್ಕೆ ರಾಜೀನಾಮೆ ಹಾಕ್ತೀರಾ, ಅವರೇ ನಾಳೆ ನಿಮ್ಮ ರೆಫರೆನ್ಸ್ ಕೊಡ್ಬೇಕಾದೋರು. ಹಾಗೇನೇ, ಆಫರ್ ಇಲ್ದೆ ಇದೆ ಅಂತ ಹೆದರಿಸಿ ಸಂಬಳ ಜಾಸ್ತಿ ಕೇಳೋದೂ ಬೇಡ. "ಹೌದಾ, ಒಳ್ಳೇದಾಗ್ಲಿ" ಅಂದ್ರೆ ಆಮೇಲೆ ಏನ್ ಮಾಡ್ತೀರಾ?

ತುಂಬಾ ಮುಖ್ಯವಾದ್ದು ಇನ್ನೊಂದು. ಕೆಲವು ಕಡೆ ವಿಷಯ ಗೊತ್ತಾದ ತಕ್ಷಣ ಎಚ್‌ಆರ್ ರೂಮಿಗೆ ಕರೆದು "ನೀವೇ ರಿಸೈನ್ ಮಾಡಿ, ರೆಕಾರ್ಡ್ ಚೆನ್ನಾಗಿರತ್ತೆ" ಅಂತಾರೆ. ಅಲ್ಲೇ ಕೂತು ಟೈಪ್ ಮಾಡ್ಬೇಡಿ. "ಮನೇಲಿ ಮಾತಾಡಿ ಹೇಳ್ತೀನಿ" ಅಂತ ಎದ್ದು ಬನ್ನಿ, ಬಂದ ಮೇಲೆ ಏನು ಮಾತಾಯ್ತು ಅಂತ ಅವ್ರಿಗೇ ಒಂದು ಮೇಲ್ ಹಾಕಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ, ಮ್ಯಾನೇಜ್‌ಮೆಂಟ್ ಹುದ್ದೇಲಿ ಇಲ್ಲದೇ ಇರೋರು ಆರು ತಿಂಗಳು ಕೆಲಸ ಮಾಡಿದ್ರೆ, ಅವರನ್ನ ತೆಗೆಯೋಕೆ ಸರಿಯಾದ ಕಾರಣ ಬೇಕು, ಒಂದು ತಿಂಗಳ ನೋಟಿಸೋ ಅದರ ಬದಲು ಸಂಬಳನೋ ಕೊಡ್ಬೇಕು. ನೀವಾಗೇ ರಾಜೀನಾಮೆ ಬರೆದುಕೊಟ್ರೆ ಈ ರಕ್ಷಣೆ ಎಲ್ಲಾ ನೀವೇ ಬಿಟ್ಟುಕೊಟ್ಟ ಹಾಗೆ.

6. ಹೊಸ ಕಂಪನಿ ಕಡೆಯಿಂದ ಲೀಕ್ ಆಗದ ಹಾಗೆ ನೋಡ್ಕೊಳ್ಳಿ

ಬಿಜಿವಿ ಅಂತ ಒಂದು ಫಾರ್ಮ್ ಕಳಿಸ್ತಾರೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್, ನೀವು ಹೇಳಿದ ಓದು, ಕೆಲಸ ನಿಜವಾ ಅಂತ ಹೊರಗಿನ ಏಜೆನ್ಸಿ ಚೆಕ್ ಮಾಡೋದು. ಅದರಲ್ಲಿ "ಈಗಿನ ಕಂಪನಿನ ಸಂಪರ್ಕಿಸಬಹುದಾ?" ಅಂತ ಒಂದು ಕಾಲಂ ಇರತ್ತೆ. ಅವಸರದಲ್ಲಿ ಎಸ್ ಅಂತ ಒತ್ತಿಬಿಡ್ತಾರೆ, ಎರಡು ದಿನಕ್ಕೆ ಎಚ್‌ಆರ್‌ಗೆ ಮೇಲ್ ಬಂದು ಕೂತಿರತ್ತೆ. ಅಲ್ಲಿ "ಬೇಡ" ಅಥವಾ "ರಿಲೀವ್ ಆದ ಮೇಲೆ" ಅಂತ ಹಾಕಿ, ರಿಕ್ರೂಟರ್‌ಗೂ ಮೇಲಲ್ಲಿ ಬರೀರಿ. ರೆಫರೆನ್ಸ್‌ಗೆ ಹಿಂದಿನ ಕಂಪನಿ ಮ್ಯಾನೇಜರ್ ಹೆಸರು ಕೊಡಿ, ಕೊಡೋ ಮುಂಚೆ ಅವ್ರಿಗೊಂದು ಫೋನ್ ಮಾಡಿ.

ಯುಎಎನ್, ಅಂದ್ರೆ ನಿಮ್ಮ ಎಲ್ಲಾ ಪಿಎಫ್ ಖಾತೆಗೂ ಇರೋ ಒಂದೇ ನಂಬರ್, ಅದನ್ನ ಹಾಕಿ ಪಿಎಫ್ ಹಿಸ್ಟರಿ ನೋಡೋದು ಈಗ ಮಾಮೂಲು, ಸೈಡಲ್ಲಿ ಇನ್ನೊಂದು ಕಡೆ ಪಿಎಫ್ ಕಟ್ತಿದ್ರೆ ಅಲ್ಲೇ ಕಾಣತ್ತೆ. ನರ್ಸ್‌ಗಳು ಮತ್ತೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಆಫೀಸಲ್ಲಿ ಇಟ್ಟಿರೋರು ಯಾರೇ ಆಗ್ಲಿ, ರಾಜೀನಾಮೆ ಮಾತೆತ್ತೋ ಮುಂಚೆ ಅದನ್ನ ಬರವಣಿಗೇಲಿ ವಾಪಸ್ ಕೇಳಿ ತಗೊಳ್ಳಿ. ಡಿಜಿಲಾಕರ್‌ನಲ್ಲಿ ಸಿಗೋದನ್ನ ಇಳಿಸಿಟ್ಕೊಳ್ಳಿ.

7. ಹೇಳೋ ದಿನ

ಆಫರ್ ಲೆಟರಲ್ಲಿ ಸಂಬಳದ ಬ್ರೇಕಪ್ಪು, ಸೇರೋ ತಾರೀಖು, ಕೆಲಸದ ಜಾಗ ಮೂರೂ ನೋಡಿ. ಜಾಗ ಯಾಕೆ ಅಂದ್ರೆ, ಮನೆ ಆರ್‌ಆರ್ ನಗರದಲ್ಲಿದ್ದು ಆಫೀಸ್ ವೈಟ್‌ಫೀಲ್ಡ್ ಅಂತ ಸೇರೋ ದಿನ ಗೊತ್ತಾದೋರನ್ನ ನೋಡಿದೀನಿ.

ಮೊದ್ಲು ಮ್ಯಾನೇಜರ್‌ಗೆ ಬಾಯಲ್ಲಿ, ಅದೇ ದಿನ ಮೇಲ್, ಆಮೇಲೆ ಪೋರ್ಟಲ್. ಈ ಕ್ರಮ ತಪ್ಪಿಸಿ ಪೋರ್ಟಲಲ್ಲಿ ಮೊದ್ಲು ಒತ್ತಿದ್ರೆ ಮ್ಯಾನೇಜರ್‌ಗೆ ನೋಟಿಫಿಕೇಷನ್ ನೋಡಿ ಗೊತ್ತಾಗತ್ತೆ, ಅದು ಯಾರಿಗಾದ್ರೂ ಚುಚ್ಚತ್ತೆ. ಮಾತು ಚಿಕ್ಕದಾಗಿರ್ಲಿ: "ಮೇಡಂ, ಒಂದು ವಿಷಯ ಹೇಳ್ಬೇಕಿತ್ತು. ಬೇರೆ ಕಡೆ ಅವಕಾಶ ಸಿಕ್ಕಿದೆ, ಒಪ್ಕೊಂಡಿದೀನಿ. ಇವತ್ತು ಮೇಲ್ ಕಳಿಸ್ತೀನಿ. ಹ್ಯಾಂಡೋವರ್ ಪ್ಲಾನ್ ಮಾಡಿದೀನಿ, ನೀವು ನೋಡಿ ಹೇಳಿ." ಯಾವ ಕಂಪನಿ, ಎಷ್ಟು ಸಂಬಳ ಅಂತ ಹೇಳ್ಲೇಬೇಕು ಅಂತೇನಿಲ್ಲ. ಯಾಕೆ ಹೋಗ್ತಿದೀರ ಅನ್ನೋದಕ್ಕೆ ಹಳೇ ಲೆಕ್ಕ ಎಲ್ಲಾ ತೆಗೀಬೇಡಿ. ಮೇಲಲ್ಲಿ ರಾಜೀನಾಮೆ ತಾರೀಖು, ನೋಟಿಸ್ ಪ್ರಕಾರ ಕೊನೇ ದಿನದ ತಾರೀಖು ಎರಡೂ ಇರ್ಲಿ, ನಿಮ್ಮ ಪರ್ಸನಲ್ ಐಡಿಗೆ ಕಾಪಿ ಹಾಕಿ.

ಕೌಂಟರ್ ಆಫರ್ ಬರಬಹುದು, ಅಂದ್ರೆ "ಇರು, ನಾವೂ ಅಷ್ಟೇ ಕೊಡ್ತೀವಿ" ಅನ್ನೋದು. ಬರೀ ಸಂಬಳಕ್ಕೋಸ್ಕರ ಹೊರಟಿದ್ರೆ ಕಾಗದದ ಮೇಲೆ ಬಂದಾಗ ಯೋಚ್ನೆ ಮಾಡಿ. ಬಾಸ್ ಕಾಟಕ್ಕೆ ಹೊರಟಿದ್ರೆ ದುಡ್ಡು ಬಂದ್ರೂ ಬಾಸ್ ಅವರೇ. ನನ್ನ ಅನಿಸಿಕೆ ಕೇಳಿದ್ರೆ, ಕೈಗೆ ಬಂದ ಆಫರ್‌ಗೆ ಸೈನ್ ಮಾಡಿದ್ಮೇಲೆ ಇಲ್ಲೇ ಉಳಿಯೋದು ಅಪರೂಪಕ್ಕೆ ಮಾತ್ರ ಸರಿಹೋಗತ್ತೆ.

8. ಹೇಳಿದ ಮೇಲೆ

ಕೆಲವು ಕಡೆ ಹೇಳಿದ ಒಂದು ಗಂಟೆಗೇ ಆಕ್ಸೆಸ್ ತೆಗೀತಾರೆ, ಹಾಗಾಗಿ ಸ್ಯಾಲರಿ ಸ್ಲಿಪ್, ಫಾರ್ಮ್ 16, ಇಂಕ್ರಿಮೆಂಟ್ ಲೆಟರ್‌ಗಳು ಮುಂಚೇನೇ ನಿಮ್ಮ ಹತ್ರ ಇರ್ಬೇಕು. ನಿಮ್ಮ ದಾಖಲೆ ಮಾತ್ರ, ಕೋಡು, ಕ್ಲೈಂಟ್ ಫೈಲು ಪೆನ್‌ಡ್ರೈವ್‌ಗೆ ಹಾಕ್ಕೊಂಡ್ರೆ ಕಥೆ ಬೇರೆ ಆಗತ್ತೆ. ಆಫೀಸಿನ ಇನ್ಶೂರೆನ್ಸನ್ನ ಅದೇ ಇನ್ಶೂರೆನ್ಸ್ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸ್ಕೋಬೇಕು ಅಂದ್ರೆ ಕೊನೇ ದಿನಕ್ಕೆ ಮುಂಚೇನೇ ಅರ್ಜಿ ಹಾಕಿ.

ಹೊರಡೋ ದಿನ ರಿಲೀವಿಂಗ್ ಲೆಟರ್ ಯಾವಾಗ ಕೊಡ್ತೀರಾ ಅಂತ ಮೇಲಲ್ಲಿ ಕೇಳಿ, ಅದಿಲ್ದೆ ಹೊಸ ಕಡೆ ಸೇರೋದು ಕಷ್ಟ. ಫುಲ್ ಅಂಡ್ ಫೈನಲ್, ಅಂದ್ರೆ ಬಾಕಿ ಸಂಬಳದ ಕೊನೇ ಲೆಕ್ಕ, ಮೊದ್ಲೆಲ್ಲಾ 45 ದಿನ ಅಂತ ಎಳೀತಿದ್ರು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರೋ ವೇತನ ಸಂಹಿತೆ ಪ್ರಕಾರ ರಾಜೀನಾಮೆ ಕೊಟ್ಟು ಬಿಟ್ಟೋರ ಸಂಬಳ ಎರಡು ಕೆಲಸದ ದಿನದಲ್ಲಿ ಕೊಡ್ಬೇಕು, ಎಷ್ಟೋ ಕಂಪನಿ ಇನ್ನೂ ಹಳೇ ಅಭ್ಯಾಸದಲ್ಲೇ ಇವೆ, ಮೇಲಲ್ಲಿ ಈ ನಿಯಮ ನೆನಪಿಸಿ. ಪಿಎಫ್‌ನಲ್ಲಿ ನೀವು ಬಿಟ್ಟ ತಾರೀಖು ಕಂಪನಿ ಹಾಕದಿದ್ರೆ ಎರಡು ತಿಂಗಳಾದ ಮೇಲೆ ಯುಎಎನ್ ಪೋರ್ಟಲಲ್ಲಿ ಆಧಾರ್ ಒಟಿಪಿ ಕೊಟ್ಟು ನೀವೇ ಹಾಕಬಹುದು. ಹಾಕುವಾಗ ರಿಲೀವಿಂಗ್ ಲೆಟರಲ್ಲಿರೋ ತಾರೀಖೇ ಹಾಕಿ, ಒಂದು ದಿನ ಆಚೆ ಈಚೆ ಆದ್ರೂ ಎರಡು ಕಡೆ ಕೆಲಸ ಮಾಡಿದ ಹಾಗೆ ಕಾಣಬಹುದು.

ಎರಡು ಮೂರು ಮೇಲ್‌ಗೂ ಉತ್ತರ ಇಲ್ಲ, ದುಡ್ಡೂ ಇಲ್ಲ, ಲೆಟರೂ ಇಲ್ಲ ಅಂದ್ರೆ ಬನ್ನೇರುಘಟ್ಟ ರಸ್ತೆ ಡೈರಿ ಸರ್ಕಲ್ ಹತ್ರ ಕಾರ್ಮಿಕ ಭವನ ಇದೆ, ಕಾರ್ಮಿಕ ಇಲಾಖೆಗೆ ಅಲ್ಲಿ ದೂರು ಕೊಡಬಹುದು. ಹೋಗುವಾಗ ಅಪಾಯಿಂಟ್‌ಮೆಂಟ್ ಲೆಟರ್, ಕೊನೇ ಮೂರು ತಿಂಗಳ ಸ್ಯಾಲರಿ ಸ್ಲಿಪ್, ರಾಜೀನಾಮೆ ಮೇಲು, ಅದಕ್ಕೆ ಬಂದ ಉತ್ತರ, ನೀವು ಕಳಿಸಿದ ರಿಮೈಂಡರ್‌ಗಳು ಎಲ್ಲಾ ಪ್ರಿಂಟ್ ತೆಗೆಸಿ ಎರಡೆರಡು ಸೆಟ್ ತಗೊಂಡೋಗಿ, ಒಂದರ ಮೇಲೆ ಸ್ವೀಕರಿಸಿದ ಸೀಲು, ತಾರೀಖು ಹಾಕಿಸ್ಕೊಂಡು ಬನ್ನಿ.